ಬಾಂಡ್ ಪಾತ್ರಕ್ಕೆ ನಟನನ್ನು ಆರಿಸುವಾಗ ನಿಜವಾಗಿ ನೋಡೋದು ಏನನ್ನ? (ಮಾವನ ಜೊತೆ ಬೆಣ್ಣೆದೋಸೆ ಬೆಟ್ಟು)

ದಾವಣಗೆರೆ_ದತ್ತು

ಎಲ್ಲರಿಗೂ ನಮಸ್ಕಾರ. ಭಾನುವಾರ ಊಟ ಆದ ಮೇಲೆ ನಮ್ಮ ಮಾವನ ಜೊತೆ ಜೇಮ್ಸ್ ಬಾಂಡ್ ವಿಷಯಕ್ಕೆ ದೊಡ್ಡ ವಾದವೇ ಆಯಿತು. ಹೊಸ ಬಾಂಡ್ ಯಾರು ಅಂತ ಟಿವಿಯಲ್ಲಿ ಏನೋ ಬರುತ್ತಿತ್ತು, ಅಲ್ಲಿಂದ ಶುರು. ಮಾವ ಹೇಳಿದ್ದು ಇಷ್ಟು: "ಶಾನ್ ಕಾನರಿಗೆ ವಯಸ್ಸಾಯ್ತು. ಅದಕ್ಕೇ ಅವನಿಗಿಂತ ಚಿಕ್ಕವನಾದ ರೋಜರ್ ಮೂರ್‌ನ ತಂದರು. ಆ ಪಾತ್ರಕ್ಕೆ ಅವರು ನೋಡೋದು ವಯಸ್ಸೊಂದನ್ನೇ."

ಎಲ್ಲೋ ತಪ್ಪಿದೆ ಅನ್ನಿಸಿತು. ಆದರೆ ಕೈಯಲ್ಲಿ ಲೆಕ್ಕ ಇರಲಿಲ್ಲ. ಮಾವನ ಎದುರು ಮೊಬೈಲ್ ತೆಗೆದು ನೋಡಿದರೆ ನಮ್ಮ ಮನೆಯಲ್ಲಿ ಅರ್ಧ ಸೋತ ಹಾಗೆ. ಬೆಟ್ಟು ಕಟ್ಟಿಬಿಟ್ಟೆ. ಸೋತವರು ಮನೆಮಂದಿಗೆಲ್ಲಾ ಬೆಣ್ಣೆದೋಸೆ ಕೊಡಿಸಬೇಕು. ಏಳು ಜನ ಇದ್ದೇವೆ. ಅದರಲ್ಲಿ ಭಾಮೈದ ಒಬ್ಬನೇ ನಾಲ್ಕು ತಿನ್ನುತ್ತಾನೆ.

ನನ್ನ ಪ್ರಶ್ನೆ ಎರಡು. ಮೂರ್ ನಿಜವಾಗಿ ಚಿಕ್ಕವನಾ? ಅರವತ್ತು ವರ್ಷ ದಾಟಿದ ಈ ಸರಣಿಗೆ ನಟನನ್ನು ಆರಿಸುವಾಗ ಅವರು ಏನು ನೋಡುತ್ತಾರೆ? ಮುಖವಾ, ವಯಸ್ಸಾ, ನಟನೆಯಾ?

ಮಲ್ಲೇಶ್ವರಂ_ಮೇಷ್ಟ್ರು

ದತ್ತು ಅವರೇ, ದೋಸೆ ನಿಮ್ಮದು. ಮೂರ್ ಹುಟ್ಟಿದ್ದು 1927ರ ಅಕ್ಟೋಬರ್ 14. ಕಾನರಿ 1930ರ ಆಗಸ್ಟ್ 25. ಹೊಸಬನೇ ಹಳಬನಿಗಿಂತ ಹತ್ತಿರ ಹತ್ತಿರ ಮೂರು ವರ್ಷ ದೊಡ್ಡವನು. 1973ರಲ್ಲಿ ಮೂರ್‌ನ ಮೊದಲ ಬಾಂಡ್ ಚಿತ್ರ ಬಂದಾಗ ಆತನಿಗೆ 45, ಬಿಟ್ಟು ಹೋದ ಕಾನರಿಗೆ 42. ಆಮೇಲೆ 1985ರವರೆಗೂ ಏಳು ಚಿತ್ರ ಮಾಡಿದ. ಕೊನೆಯದು ಬಂದಾಗ 57. ಆ ಚಿತ್ರದ ನಾಯಕಿಯ ತಾಯಿಗಿಂತ ತಾನೇ ದೊಡ್ಡವನು ಅಂತ ಗೊತ್ತಾಯಿತು ಎಂದು ಆತನೇ ನಗುತ್ತಾ ಹೇಳಿಕೊಂಡಿದ್ದಾನೆ.

ಸುಮ್ನೆ_ಓದುಗ

ಒಂದೇ ಕಾಮೆಂಟಿಗೆ ಏಳು ದೋಸೆ. ಮಾಡರೇಟರ್, ಬಾಗಿಲು ಹಾಕಬಹುದು.

ಹಾಸನದ_ಹುಡುಗಿ

ಯಾಕೆ ಬಾಗಿಲು ಹಾಕಬೇಕು? ಮಜಾ ಇರೋದು ಎರಡನೇ ಪ್ರಶ್ನೆಯಲ್ಲಿ. ಮುಖ, ಎತ್ತರ, ನಟನೆ ಎಲ್ಲಾ ಆಮೇಲೆ. ಮೊದಲು ನೋಡೋದು ಕಾಲ್‌ಶೀಟ್. ಕಾಲ್‌ಶೀಟ್ ಸಿಕ್ಕವನೇ ಬಾಂಡ್.

ನನ್ನ ಪಿಯರ್ಸ್ ಬ್ರಾಸ್ನನ್ ಕತೆ ಕೇಳಿ. 1986ರಲ್ಲೇ ಅವನನ್ನು ಆರಿಸಿಯಾಗಿತ್ತು. ಅವನು ಆಗ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ 'ರೆಮಿಂಗ್ಟನ್ ಸ್ಟೀಲ್' ಅನ್ನೋ ಪತ್ತೇದಾರಿ ಧಾರಾವಾಹಿ ಮಾಡುತ್ತಿದ್ದ. ಅದನ್ನು ನಿಲ್ಲಿಸಿದ್ದರು. ಆದರೆ ಒಪ್ಪಂದದಲ್ಲಿ ಒಂದು ಕೊಕ್ಕೆ ಇತ್ತು. 60 ದಿನದೊಳಗೆ ವಾಹಿನಿಗೆ ಮನಸ್ಸಾದರೆ ಮತ್ತೆ ಶುರು ಮಾಡಬಹುದು. ಇವನೇ ಬಾಂಡ್ ಅಂತ ಸುದ್ದಿ ಹಬ್ಬಿತು. ಧಾರಾವಾಹಿಗೆ ಎಲ್ಲಿಲ್ಲದ ಬೇಡಿಕೆ ಬಂತು. ಗಡುವಿನ ಕೊನೇ ಗಳಿಗೆಯಲ್ಲಿ ವಾಹಿನಿಯವರು "ಬಾ ಕೆಲಸಕ್ಕೆ" ಅಂದರು. ಟಿವಿಯಲ್ಲಿ ದಿನಾ ಕಾಣುವವನು ನನಗೆ ಬೇಡ ಅಂತ ನಿರ್ಮಾಪಕ ಆಲ್ಬರ್ಟ್ ಬ್ರಾಕಲಿ ಕೈಬಿಟ್ಟ. ಇಷ್ಟೆಲ್ಲಾ ಮಾಡಿ ಕೊನೆಗೆ ಆ ವಾಹಿನಿಯವರು ತೆಗೆದದ್ದು ಬೆರಳೆಣಿಕೆಯ ಕಂತುಗಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

ಅವನ ಜಾಗಕ್ಕೆ ತಿಮೊಥಿ ಡಾಲ್ಟನ್ ಬಂದ. ಬ್ರಾಸ್ನನ್ ಒಂಬತ್ತು ವರ್ಷ ಕಾದು 1995ರಲ್ಲಿ ಬಾಂಡ್ ಆದ. ಆಗ 42 ವರ್ಷ. 33ರಲ್ಲಿ ಸಿಗಬೇಕಿತ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಪೇಡಾ_ಪ್ರಹ್ಲಾದ

ಅಕ್ಕಾ, ಹೊಟ್ಟೆ ಉರಿ ನಿಮಗ, ಪಾತ್ರ ಹೋದದ್ದು ಅವಗ. ಆದರೂ ಡಾಲ್ಟನ್ ಬಂದದ್ದು ಛಲೋನೇ ಆತು ನೋಡ್ರಿ. ಪುಸ್ತಕದಾಗಿನ ಬಾಂಡ್‌ಗೆ ಹತ್ರ ಇದ್ದವ ಅಂದ್ರ ಅವನೇ.

ಹಾಸನದ_ಹುಡುಗಿ

ಎರಡೇ ಚಿತ್ರಕ್ಕೆ ಮನೆಗೆ ಹೋದ ನಿಮ್ಮ ಡಾಲ್ಟನ್.

ಮಲ್ಲೇಶ್ವರಂ_ಮೇಷ್ಟ್ರು

ಡಾಲ್ಟನ್ ಮನೆಗೆ ಹೋದದ್ದು ಆತನ ತಪ್ಪಿನಿಂದ ಅಲ್ಲಮ್ಮ. 1989ರ ನಂತರ ಕಂಪನಿಗಳ ನಡುವೆ ಕೋರ್ಟು ವ್ಯಾಜ್ಯ ನಡೆಯಿತು. ಆರು ವರ್ಷ ಒಂದು ಚಿತ್ರವೂ ಬರಲಿಲ್ಲ. 1994ರಲ್ಲಿ ಆತನೇ ಬಿಟ್ಟ. ಇದೂ ನಿಮ್ಮ ಕಾಲ್‌ಶೀಟ್ ಲೆಕ್ಕಕ್ಕೇ ಬರುತ್ತದೆ. ಇನ್ನೊಂದು ಗೊತ್ತಾ? 60ರ ದಶಕದ ಕೊನೆಯಲ್ಲೇ ಆತನನ್ನು ಕೇಳಿದ್ದರು. ಆಗಿನ್ನೂ ಇಪ್ಪತ್ತರ ಹುಡುಗ. "ಕಾನರಿ ಆದ ಮೇಲೆ ನಾನಾ? ನನಗೆ ಈ ವಯಸ್ಸು ಸಾಲದು" ಅಂತ ತಾನೇ ಹಿಂದೆ ಸರಿದ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ.

ಆದರೆ ಕಾಲ್‌ಶೀಟ್ ಒಂದೇ ಅಂದರೆ ನಾನು ಒಪ್ಪಲ್ಲ. ಮೊದಲ ಆಯ್ಕೆ ನೋಡಿ. 1962ರ 'ಡಾಕ್ಟರ್ ನೋ' ಬಜೆಟ್ ಸುಮಾರು 10 ಲಕ್ಷ ಡಾಲರ್. ದೊಡ್ಡ ತಾರೆಗೆ ಕೊಡಲು ದುಡ್ಡಿಲ್ಲ. ಕ್ಯಾರಿ ಗ್ರಾಂಟ್ ಬ್ರಾಕಲಿಯ ಆಪ್ತ, ಅವನ ಮದುವೆಯಲ್ಲಿ ಪಕ್ಕ ನಿಂತವನು. ಆದರೆ ಅಂಥ ತಾರೆ ಒಂದು ಚಿತ್ರ ಮಾಡಿ ಹೋಗಿಬಿಡುತ್ತಾನೆ. ಇವರಿಗೆ ಬೇಕಿದ್ದದ್ದು ಸಾಲು ಸಾಲು ಚಿತ್ರಕ್ಕೆ ಸಹಿ ಹಾಕುವ ಹೊಸಬ. ಕಾನರಿ ಎಡಿನ್‌ಬರೋದಲ್ಲಿ ಹಾಲು ಹಾಕುತ್ತಿದ್ದ ಹುಡುಗ. ಆಮೇಲೆ ಮೈ ಬೆಳೆಸಿದ, ಮಿಸ್ಟರ್ ಯೂನಿವರ್ಸ್ ಸ್ಪರ್ಧೆಗೂ ಹೋಗಿದ್ದ. ಮಾತುಕತೆ ಮುಗಿಸಿ ಹೊರಟಾಗ ಬ್ರಾಕಲಿ ಮತ್ತು ಇನ್ನೊಬ್ಬ ನಿರ್ಮಾಪಕ ಹ್ಯಾರಿ ಸಾಲ್ಟ್ಜ್‌ಮನ್ ಕಿಟಕಿಯಿಂದ ಆತ ರಸ್ತೆ ದಾಟುವುದನ್ನು ನೋಡಿದರಂತೆ. ಆ ನಡಿಗೆ ನೋಡಿ ಇವನೇ ಅಂದರಂತೆ. ಚಿರತೆಯ ನಡಿಗೆ ಅಂತಾರೆ.

ಬಾಂಡ್‌ನ ಹುಟ್ಟಿಸಿದ ಇಯಾನ್ ಫ್ಲೆಮಿಂಗ್‌ಗೆ ಮಾತ್ರ ಮೊದಲು ಆತ ಹಿಡಿಸಲೇ ಇಲ್ಲ. ಒರಟು ಅನ್ನಿಸಿತು. ಆಮೇಲೆ ಎಷ್ಟು ಒಪ್ಪಿಕೊಂಡ ಅಂದರೆ 1964ರ ಕಾದಂಬರಿಯಲ್ಲಿ ಬಾಂಡ್‌ನ ಅಪ್ಪನನ್ನೇ ಸ್ಕಾಟ್ಲೆಂಡಿನವನು ಮಾಡಿಬಿಟ್ಟ!

ರೆಡಿಂಗ್_ರಮೇಶ

ಮೇಷ್ಟ್ರು ಹೇಳದೆ ಬಿಟ್ಟದ್ದು ಒಂದಿದೆ. ಒರಟು ಹುಡುಗನನ್ನು ಸಾಹೇಬ ಮಾಡಿದ್ದು ನಿರ್ದೇಶಕ ಟೆರೆನ್ಸ್ ಯಂಗ್. ಅವನು ಕಾನರಿಯನ್ನು ತನ್ನದೇ ದರ್ಜಿ ಆಂಟನಿ ಸಿಂಕ್ಲೇರ್ ಹತ್ತಿರ ಕರಕೊಂಡು ಹೋದ. ಸೂಟು ಮೈಗೆ ಒಗ್ಗಲಿ ಅಂತ ಅದನ್ನು ಹಾಕಿಕೊಂಡೇ ಮಲಗಿಸಿದ ಅಂತ ಕತೆ. ಎಷ್ಟು ನಿಜವೋ, ಸೂಟಿಗೆ ಇಸ್ತ್ರಿ ಹೊಡೆದವನನ್ನೇ ಕೇಳಬೇಕು.

ಪೇಡಾ_ಪ್ರಹ್ಲಾದ

ದರ್ಜಿ ಮಾತು ಬಂತು, ನಂದೊಂದು ಹೇಳ್ತೇನಿ. ಕಾಲೇಜಿನಾಗ ನಾವು ಒಂದು ನಾಟಕ ಮಾಡಿದ್ವಿ. ರಾಜನ ಪಾತ್ರದವ ಎರಡು ದಿನ ಮುಂಚೆ ಕೈ ಕೊಟ್ಟ. ಅಕ್ಕನ ಮದುವಿ ಅಂತ. ಆ ಪಾತ್ರ ನನಗ ಬಂತು. ಯಾಕ ಅಂತೀರಿ? ಮಾತು ಬಾಯಿಪಾಠ ಇತ್ತು ಅಂತಲ್ಲ. ಬಾಡಿಗಿ ತಂದ ಅಂಗಿ ನನಗೊಬ್ಬಂವಗೇ ಹಿಡಿಸ್ತಿತ್ತು. ನಟನಾ ಗಿಟನಾ ಯಾರೂ ಕೇಳಲಿಲ್ಲ. ಎರಡನೇ ಅಂಕದಾಗ ಕಿರೀಟ ಕಣ್ಣಿನ ಮ್ಯಾಲೆ ಇಳೀತು. ತಲಿ ಅಳತಿ ನೋಡೋದು ಮರ್ತಿದ್ರು.

ಸುಮ್ನೆ_ಓದುಗ

ನೀವೇ ಧಾರವಾಡದ ಲೇಜನ್‌ಬಿ.

ಗಿರಿನಗರ_ಗಿರಿ

ಲೇಜನ್‌ಬಿ ಅಂದ್ರೆ ಒಂದೇ ಚಿತ್ರ ಮಾಡಿದವನು ತಾನೇ? ಚಿತ್ರ ಮಲಗಿತು, ಅವನನ್ನು ಒದ್ದು ಓಡಿಸಿದರು ಅಂತ ಓದಿದ ನೆನಪು.

ಮಲ್ಲೇಶ್ವರಂ_ಮೇಷ್ಟ್ರು

ಇಲ್ಲ ಗಿರಿ, ಎರಡೂ ತಪ್ಪು. 1969ರ ಆ ಚಿತ್ರ ಅದರ ಹಿಂದಿನದಕ್ಕಿಂತ ಕಡಿಮೆ ಗಳಿಸಿತು ನಿಜ, ಆದರೆ ಮಲಗಲಿಲ್ಲ. ಯಾರೂ ಓಡಿಸಲೂ ಇಲ್ಲ. ಏಳು ಚಿತ್ರದ ಒಪ್ಪಂದ ಮುಂದಿಟ್ಟಿದ್ದರು. ಜಾರ್ಜ್ ಲೇಜನ್‌ಬಿಯೇ ಬೇಡ ಅಂದ. ಹಿಪ್ಪಿ ಕಾಲ ಬಂತು, ಸೂಟುಬೂಟಿನ ಗೂಢಚಾರನನ್ನು ಇನ್ನು ಯಾರು ನೋಡುತ್ತಾರೆ ಅಂತ ಸ್ನೇಹಿತ ತಲೆ ತುಂಬಿದ್ದ. ಪ್ರೀಮಿಯರ್‌ಗೆ ಉದ್ದ ಕೂದಲು, ಗಡ್ಡ ಬಿಟ್ಟುಕೊಂಡು ಬಂದ. ನಿರ್ಮಾಪಕರ ಮುಖ ಹೇಗಾಗಿರಬೇಕು!

ಆತ ಪಾತ್ರ ಗಿಟ್ಟಿಸಿದ ರೀತಿಯೂ ಸೊಗಸು. ಆಸ್ಟ್ರೇಲಿಯಾದವನು. ಕಾರು ಮಾರುತ್ತಿದ್ದ, ಆಮೇಲೆ ಲಂಡನ್ನಿನಲ್ಲಿ ಮಾಡೆಲ್, ಚಾಕೊಲೇಟ್ ಜಾಹೀರಾತಿನ ಮುಖ. ನಟನೆಯ ಗಂಧಗಾಳಿ ಇಲ್ಲ. ಕಾನರಿಯ ದರ್ಜಿ ಹತ್ತಿರ ಹೋದ. ಕಾನರಿ ಒಯ್ಯದೆ ಬಿಟ್ಟಿದ್ದ ಸೂಟು ಸಿಕ್ಕಿತು. ಕೈಗೊಂದು ರೋಲೆಕ್ಸ್ ಗಡಿಯಾರ. ಕಾನರಿಯ ಕ್ಷೌರಿಕನ ಹತ್ತಿರವೇ ಕೂದಲು ಕತ್ತರಿಸಿಕೊಂಡ. ಪರೀಕ್ಷೆಯ ಹೊಡೆದಾಟದಲ್ಲಿ ಎದುರಿಗಿದ್ದ ಕುಸ್ತಿಪಟುವಿಗೆ ನಿಜವಾಗಿಯೇ ಗುದ್ದಿ ಮೂಗು ಮುರಿದ. ಅದೇ ಮೆಚ್ಚುಗೆ ಆಯಿತಂತೆ. ಚಿತ್ರೀಕರಣದ ಹೊತ್ತಿಗೆ 29. ಇವತ್ತಿಗೂ ಅತಿ ಚಿಕ್ಕ ಬಾಂಡ್ ಆತನೇ.

ಹಾಸನದ_ಹುಡುಗಿ

ನೋಡಿ, ಇದನ್ನೇ ನಾನು ಹೇಳಿದ್ದು. ಮೂಗು ಮುರಿದು ಪಾತ್ರ ಹಿಡಿದ. ಕಾಲ್‌ಶೀಟ್ ಕೊಡಲಿಲ್ಲ, ಕಳಕೊಂಡ. ಏಳು ಚಿತ್ರದ ಅನ್ನವನ್ನು ಎಲೆ ಸಮೇತ ಎಸೆದ ಪುಣ್ಯಾತ್ಮ.

ಚೌಕಿಮನೆ_ಪುತ್ತೂರು

ನನಗೆ ಈ ಇಡೀ ಚರ್ಚೆಯೇ ಸ್ವಲ್ಪ ವಿಚಿತ್ರ ಅನಿಸುತ್ತದೆ. ನಟ ಬದಲಾದರೆ ಇಷ್ಟು ತಲೆಬಿಸಿ ಯಾಕೆ ಮಾರಾಯ್ರೆ? ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ವಿಷಯವೇ ಅಲ್ಲ.

ನನ್ನ ಅಜ್ಜ ದೇವಿ ಮಹಾತ್ಮೆ ಪ್ರಸಂಗವನ್ನು ಎಷ್ಟು ಸಲ ನೋಡಿದ್ದಾರೋ ಲೆಕ್ಕ ಇಲ್ಲ. ಪ್ರತಿ ಮೇಳಕ್ಕೆ ಒಬ್ಬ ಮಹಿಷಾಸುರ. ಒಬ್ಬನ ಪ್ರವೇಶಕ್ಕೆ ಊರೇ ನಡುಗುತ್ತದೆ. ಇನ್ನೊಬ್ಬನ ಅಟ್ಟಹಾಸ ಸಾಲದು, ಆದರೆ ಮಾತು ಚೆಂದ. ಅಜ್ಜ ಬೆಳಿಗ್ಗೆ ಚಾ ಕುಡಿಯುತ್ತಾ ತೂಗಿ ನೋಡುತ್ತಿದ್ದರು. "ಇವತ್ತಿನವನದ್ದು ಕುಣಿತ ಆದೀತು, ಅರ್ಥಗಾರಿಕೆ ಸಾಲದು" ಅಂತ. ಮಹಿಷಾಸುರ ಯಾಕೆ ಬದಲಾದ ಅಂತ ಮಾತ್ರ ಒಂದು ದಿನವೂ ಕೇಳಿದ್ದಿಲ್ಲ. ಕಿರೀಟ, ಬಣ್ಣ, ಪದ್ಯ ಇದ್ದದ್ದೇ. ಅದರ ಒಳಗೆ ಯಾರು ಬಂದರು, ಏನು ಮಾಡಿದರು ಅನ್ನುವುದೇ ಆಟ.

ಬಾಂಡ್‌ಗೂ ಹಾಗೆಯೇ ಅಲ್ವಾ? ಹೆಸರು ಹೇಳುವ ಆ ಧಾಟಿ, ಸೂಟು, ಕಾರು, ಆ ಸಂಗೀತ. ಅದೇ ವೇಷ. ಕಾನರಿಯೂ ಒಬ್ಬ ವೇಷಧಾರಿ, ಮೂರ್ ಕೂಡ ಒಬ್ಬ ವೇಷಧಾರಿ.

ಮಲ್ಲೇಶ್ವರಂ_ಮೇಷ್ಟ್ರು

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಈ ಕೋನ ನನಗೆ ಹೊಳೆದಿರಲಿಲ್ಲ. ಪರೀಕ್ಷೆಯ ಪದ್ಧತಿಯೂ ನಿಮ್ಮ ಮಾತಿಗೆ ಹತ್ತಿರವೇ ಇದೆ. ಹೊಸಬರು ಯಾರೇ ಬರಲಿ, 1963ರ ಎರಡನೇ ಚಿತ್ರದ ಒಂದು ದೃಶ್ಯವನ್ನೇ ಕೊಟ್ಟು ಮಾಡಿಸುತ್ತಾರೆ. ಬಾಂಡ್ ಹೋಟೆಲ್ ಕೋಣೆಗೆ ಬರುತ್ತಾನೆ, ಹಾಸಿಗೆಯಲ್ಲಿ ರಷ್ಯಾದ ಹುಡುಗಿ ಇರುತ್ತಾಳೆ. ಅದೇ ಮಾತು, ಅದೇ ನಡೆ. ಎಲ್ಲರಿಗೂ ಒಂದೇ ಪದ್ಯ ಕೊಟ್ಟು ಕುಣಿ ಅನ್ನೋ ಹಾಗೆ.

ಪೇಡಾ_ಪ್ರಹ್ಲಾದ

ಪುತ್ತೂರಿನವರ ಮಾತು ಛಂದ ಐತಿ, ಒಪ್ಪಲಿಕ್ಕೆ ಮಾತ್ರ ಆಗೂದಿಲ್ಲ. ನಿಮ್ಮ ಮೇಳದಾಗೂ ಜನ ಕಲಾವಿದನ ಹೆಸರು ನೋಡೇ ಬರ್ತಾರಲ್ಲ? ಕರಪತ್ರದಾಗ ಹೆಸರು ದಪ್ಪ ಅಕ್ಷರದಾಗ ಯಾಕ ಹಾಕ್ತಾರ ಮತ್ತ?

ಚೌಕಿಮನೆ_ಪುತ್ತೂರು

ಬರುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಕಲಾವಿದ ನಾಳೆ ಬೇರೆ ಮೇಳಕ್ಕೆ ಹೋದರೆ ಆಟ ನಿಲ್ಲುವುದಿಲ್ಲ. ಬಾಂಡ್ ನಿಂತಿತಾ?

ಅಣ್ಣಾವ್ರ_ಅಭಿಮಾನಿ

ಎಲ್ಲಾ ಸರಿ, ಇಷ್ಟೊತ್ತು ಒಬ್ಬರೂ ಸಿ.ಐ.ಡಿ. 999 ಹೆಸರೆತ್ತಲಿಲ್ಲವಲ್ಲ! ನಮಗೂ ಗೂಢಚಾರನ ಸರಣಿ ಇತ್ತು ಸ್ವಾಮಿ. ದೊರೈ-ಭಗವಾನ್ ಜೋಡಿ ಮಾಡಿದ್ದು. ಮೂರು ಚಿತ್ರಕ್ಕೂ ಒಬ್ಬರೇ, ನಮ್ಮ ಅಣ್ಣಾವ್ರು. ದರ್ಜಿ ಬೇಡ, ಪರೀಕ್ಷೆ ಬೇಡ, ಮೂಗು ಮುರಿಯೋದು ಬೇಡ.

ಗಿರಿನಗರ_ಗಿರಿ

ನಾಲ್ಕು ಅಣ್ಣಾ, ಮೂರಲ್ಲ. 'ಜೇಡರ ಬಲೆ' ಮತ್ತು 'ಗೋವಾದಲ್ಲಿ ಸಿ.ಐ.ಡಿ. 999' ಎರಡೂ 1968. 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999' 1969. ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಈ ಸಲ ನಾನು ತಪ್ಪಿಲ್ಲ, ನೋಡಿಕೊಂಡೇ ಬರೆದಿದ್ದೇನೆ.

ಅಣ್ಣಾವ್ರ_ಅಭಿಮಾನಿ

ಹೌದು, ಕೊನೆಯದು ಒಂಬತ್ತು ವರ್ಷ ಬಿಟ್ಟು ಬಂತು, ಲೆಕ್ಕಕ್ಕೆ ಬಿಟ್ಟುಹೋಯಿತು. ತಪ್ಪು ಕಾಣಿಕೆ ಹಾಕುತ್ತೇನೆ. 'ಇಫ್ ಯು ಕಮ್ ಟುಡೇ' ಹಾಡು ಅದರದ್ದೇ. ಅದನ್ನು ಮರೆತರೆ ಅಭಿಮಾನಿ ಸಂಘದಿಂದ ತೆಗೆದು ಹಾಕಬೇಕು ನನ್ನನ್ನು.

ಒಂದು ಮಾತು ಯೋಚನೆ ಮಾಡಿ. 1965ರಲ್ಲಿ ಅಣ್ಣಾವ್ರು 'ಸತ್ಯ ಹರಿಶ್ಚಂದ್ರ'. ರಾಜ್ಯ ಹೋದರೂ ಸುಳ್ಳು ಹೇಳದವನು. ಮೂರೇ ವರ್ಷಕ್ಕೆ ಸುಳ್ಳು ಹೇಳೋದೇ ಕಸುಬಾದ ಗೂಢಚಾರ! ಪೌರಾಣಿಕದ ಕಿರೀಟ ಇಳಿಸಿ ಸೂಟು ಹಾಕಿಸೋಕೆ ದೊರೈ-ಭಗವಾನ್‌ಗೆ ಧೈರ್ಯ ಬೇಕಿತ್ತು. ಜನ ನಕ್ಕಿದ್ದರೆ? ನಗಲಿಲ್ಲ. ಫ್ಲೆಮಿಂಗ್‌ಗೆ ಕಾನರಿ ಮೇಲೆ ಇದ್ದ ಅನುಮಾನ ನಮಗೆ ಅಣ್ಣಾವ್ರ ಮೇಲೆ ಬರಲೇ ಇಲ್ಲ. ನಾಯಕಿಯರನ್ನೂ ನೋಡಿ. ಮೊದಲನೆಯದಕ್ಕೆ ಜಯಂತಿ, ಗೋವಾಕ್ಕೆ ಲಕ್ಷ್ಮಿ. ಜಾಕ್‌ಪಾಟ್‌ಗೆ ರೇಖಾ, ಆಮೇಲೆ ಹಿಂದಿಗೆ ಹೋದ ಅದೇ ರೇಖಾ.

ಚೌಕಿಮನೆ_ಪುತ್ತೂರು

ಇದು ನನ್ನ ಮಾತಿಗೆ ವಿರುದ್ಧ ಸಾಕ್ಷಿ. ಅಲ್ಲಿ ವೇಷ ದೊಡ್ಡದು, ಇಲ್ಲಿ ವೇಷಧಾರಿ ದೊಡ್ಡವರು. ಸಿ.ಐ.ಡಿ. 999 ಆಗಿ ಬೇರೆ ಯಾರಾದರೂ ಬಂದಿದ್ದರೆ ಅಭಿಮಾನಿ ಅವರು ಟಿಕೆಟ್ ತಗೊಳ್ಳುತ್ತಿದ್ದರಾ?

ಅಣ್ಣಾವ್ರ_ಅಭಿಮಾನಿ

ಆ ರಸ್ತೆಯಲ್ಲೇ ಹೋಗುತ್ತಿರಲಿಲ್ಲ.

ಮಲ್ಲೇಶ್ವರಂ_ಮೇಷ್ಟ್ರು

ಅದಕ್ಕೇ ನಮ್ಮದು ನಾಲ್ಕಕ್ಕೆ ನಿಂತಿತು, ಅವರದ್ದು 25 ಆಯಿತು. ಲೆಕ್ಕ ಬೇಕಾದರೆ: ಕಾನರಿ 6, ಲೇಜನ್‌ಬಿ 1, ಮೂರ್ 7, ಡಾಲ್ಟನ್ 2, ಬ್ರಾಸ್ನನ್ 4, ಡೇನಿಯಲ್ ಕ್ರೇಗ್ 5. ಕಾನರಿ 1983ರಲ್ಲಿ ಬೇರೆ ನಿರ್ಮಾಪಕರಿಗೆ ಇನ್ನೊಂದು ಬಾಂಡ್ ಚಿತ್ರ ಮಾಡಿದ. ಅದು ಈ ಲೆಕ್ಕಕ್ಕೆ ಸೇರಲ್ಲ.

ಆ ವರ್ಷದ್ದೇ ಒಳ್ಳೆ ಕತೆ ಇದೆ. ಮೂರ್ ಸಾಕು ಅನ್ನುತ್ತಿದ್ದ. ಅಮೆರಿಕದ ಜೇಮ್ಸ್ ಬ್ರೋಲಿನ್‌ನ ಕರೆಸಿ ಪರೀಕ್ಷೆಯನ್ನೂ ಮಾಡಿದ್ದರು. ಅಷ್ಟರಲ್ಲಿ ಎದುರು ಪಾಳೆಯದಿಂದ ಕಾನರಿ ಬರುತ್ತಾನೆ ಅಂತ ಸುದ್ದಿ. ಹಳೇ ಜಟ್ಟಿ ಕಣಕ್ಕೆ ಇಳಿಯುವಾಗ ಹೊಸ ಹುಡುಗನನ್ನು ಬಿಡೋದಾ? ಮೂರ್‌ನನ್ನೇ ಉಳಿಸಿಕೊಂಡರು. ಆಗ ಬಂದದ್ದೇ 'ಆಕ್ಟೋಪಸಿ'. ಉದಯಪುರದಲ್ಲಿ ತೆಗೆದದ್ದು, ನಮ್ಮ ಕಬೀರ್ ಬೇಡಿ, ಟೆನಿಸ್‌ನ ವಿಜಯ್ ಅಮೃತರಾಜ್ ಇದ್ದರು.

ದಾವಣಗೆರೆ_ದತ್ತು

ಅಮೃತರಾಜ್ ಟೆನಿಸ್ ರ‍್ಯಾಕೆಟ್ಟಿನಲ್ಲಿ ರೌಡಿಗಳಿಗೆ ಬಾರಿಸೋದು ನೆನಪಿದೆ. ಅದಕ್ಕೆ ಯಾವ ಪರೀಕ್ಷೆ ಮಾಡಿ ತಗೊಂಡರೋ. ಫೋರ್‌ಹ್ಯಾಂಡ್ ನೋಡಿರಬೇಕು.

ರೆಡಿಂಗ್_ರಮೇಶ

ಕ್ರೇಗ್ ಹೆಸರು ಈಗ ಬಂತು, ನನ್ನದೊಂದು ಸೇರಿಸುತ್ತೇನೆ. 2005ರ ಅಕ್ಟೋಬರ್ 14ರಂದು ನಾನು ಲಂಡನ್ನಿನಲ್ಲೇ ಕೆಲಸದಲ್ಲಿದ್ದೆ. ಥೇಮ್ಸ್ ನದಿಯಲ್ಲಿ ಸೈನಿಕರ ಸ್ಪೀಡ್‌ಬೋಟಿನಲ್ಲಿ ಅವನನ್ನು ಕರಕೊಂಡು ಬಂದು ಇವನೇ ಹೊಸ ಬಾಂಡ್ ಅಂತ ತೋರಿಸಿದರು. ಸೂಟಿನ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡಿದ್ದ. ಅಷ್ಟೇ ಸಾಕಾಯಿತು. ಆಫೀಸಿನಲ್ಲಿ ಟೀ ಹೊತ್ತಿಗೆ ಬರೀ ಅದೇ. ಬಾಂಡ್‌ಗೆ ಈಜು ಬರಲ್ವಾ? ಕೂದಲು ಹೊಂಬಣ್ಣ. ಎತ್ತರ ಸಾಲದು. ಅವನು 5 ಅಡಿ 10 ಇಂಚು, ಉಳಿದವರೆಲ್ಲಾ ಆರಡಿ ಮೇಲೆ. ಚಿತ್ರವನ್ನೇ ಬಹಿಷ್ಕರಿಸಿ ಅಂತ ಒಂದು ವೆಬ್‌ಸೈಟ್ ಕೂಡ ಎದ್ದಿತು. ಒಂದೇ ಒಂದು ದೃಶ್ಯ ತೆಗೆಯುವ ಮುಂಚೆ!

ನಾನೂ ನಕ್ಕವರ ಗುಂಪಿನಲ್ಲೇ ಇದ್ದೆ, ಸುಳ್ಳು ಯಾಕೆ ಹೇಳಲಿ. 2006ರ ನವೆಂಬರ್‌ನಲ್ಲಿ 'ಕ್ಯಾಸಿನೊ ರಾಯಲ್' ನೋಡಿ ಹೊರಗೆ ಬಂದಾಗ ನಮ್ಮಲ್ಲಿ ಒಬ್ಬರೂ ಕೂದಲ ಸುದ್ದಿ ಎತ್ತಲಿಲ್ಲ. 2012ರ 'ಸ್ಕೈಫಾಲ್' 100 ಕೋಟಿ ಡಾಲರ್ ದಾಟಿತು. ಅದಕ್ಕೂ ಮೊದಲು ಬಾಂಡ್ ಚಿತ್ರ ಯಾವುದೂ ಅಷ್ಟು ಗಳಿಸಿರಲಿಲ್ಲ.

ಮತ್ತೊಂದು. ಅದೇ ಪಾತ್ರಕ್ಕೆ ಹೆನ್ರಿ ಕ್ಯಾವಿಲ್ ಕೂಡ ಪರೀಕ್ಷೆ ಕೊಟ್ಟಿದ್ದ. ಆಗ 22. ಚೆನ್ನಾಗಿ ಮಾಡಿದ, ಆದರೆ ತೀರಾ ಎಳೆಯ ಅಂತ ನಿರ್ದೇಶಕ ಮಾರ್ಟಿನ್ ಕ್ಯಾಂಪ್‌ಬೆಲ್ ಆಮೇಲೆ ಹೇಳಿದ್ದಾನೆ. ಹಾಗಾಗಿ ದತ್ತು ಅವರ ಮಾವ ಪೂರ್ತಿ ತಪ್ಪಲ್ಲ. ವಯಸ್ಸು ನೋಡುತ್ತಾರೆ. ಮುದುಕ ಆದ ಅಂತಲ್ಲ, ಇನ್ನೂ ಮಾಗಿಲ್ಲ ಅಂತ.

ದಾವಣಗೆರೆ_ದತ್ತು

ದಯವಿಟ್ಟು ಇದನ್ನು ಅಳಿಸಿ. ಮಾವ ಓದಿದರೆ ಅರ್ಧ ದೋಸೆ ವಾಪಸ್ ಕೇಳುತ್ತಾರೆ.

ಸುಮ್ನೆ_ಓದುಗ

ಅಕ್ಟೋಬರ್ 14? ಮೇಷ್ಟ್ರು ಮೇಲೆ ಮೂರ್ ಹುಟ್ಟಿದ ದಿನ ಅಂದದ್ದೂ ಅದೇ ಅಲ್ವಾ?

ಮಲ್ಲೇಶ್ವರಂ_ಮೇಷ್ಟ್ರು

ಅದೇ! 78 ತುಂಬಿದ ದಿನ. ನಾನೇ ಗಮನಿಸಿರಲಿಲ್ಲ.

ಹಾಸನದ_ಹುಡುಗಿ

ಎಷ್ಟೋ ಹೊತ್ತಿನಿಂದ ಬರೀ ಗಂಡಸರ ಕೂದಲು, ಸೂಟು, ಎತ್ತರ. ಹೆಂಗಸರ ಆಯ್ಕೆ ಬಗ್ಗೆ ಯಾರಾದರೂ ಮಾತಾಡ್ತೀರಾ?

ಈ ಸರಣಿಯ ಜಾಣ ಆಯ್ಕೆ ಯಾವುದು ಅಂದರೆ ನಾನು ಜೂಡಿ ಡೆಂಚ್ ಅಂತೀನಿ. 1995ರಲ್ಲಿ ಬಾಂಡ್‌ನ ಮೇಲಧಿಕಾರಿ ಎಂ ಪಾತ್ರಕ್ಕೆ ಅವರನ್ನು ತಂದರು. ಅದಕ್ಕೂ ಮುಂಚೆ 1992ರಲ್ಲೇ ಬ್ರಿಟನ್ನಿನ ಗುಪ್ತಚರ ಸಂಸ್ಥೆ ಎಂಐ5ಗೆ ಸ್ಟೆಲ್ಲಾ ರಿಮಿಂಗ್ಟನ್ ಮುಖ್ಯಸ್ಥೆ ಆಗಿದ್ದರು. ಸಿನಿಮಾಕ್ಕಿಂತ ಸರ್ಕಾರವೇ ಮುಂದಿತ್ತು! ಬ್ರಾಸ್ನನ್ ಹೋಗಿ ಕ್ರೇಗ್ ಬಂದ, ಕತೆ ಮೊದಲಿನಿಂದ ಶುರುವಾಯಿತು. ಆದರೂ ಡೆಂಚ್ ಅಮ್ಮ ಅದೇ ಕುರ್ಚಿಯಲ್ಲಿ. ತರ್ಕ ಕೇಳಬೇಡಿ. ಅಷ್ಟು ಒಳ್ಳೆ ನಟಿಯನ್ನು ತರ್ಕಕ್ಕೋಸ್ಕರ ಯಾರು ಬಿಡುತ್ತಾರೆ?

ಮೇಷ್ಟ್ರು ಹೇಳಿದ ಆ ಪರೀಕ್ಷೆಯ ದೃಶ್ಯ ಇದೆಯಲ್ಲ, ಅದರಲ್ಲಿ ಗಂಡಸರ ಎದುರು ಮಾಡೋಕೆ ಒಬ್ಬ ನಟಿ ಬೇಕಲ್ಲ. 80ರ ದಶಕದಲ್ಲಿ ಮರಿಯಂ ದಾಬೋ ಅನ್ನುವವಳು ಹಾಗೆ ನಿಂತಿದ್ದಳು. ಬಂದವರು ಬಂದರು, ಹೋದವರು ಹೋದರು. 1987ರಲ್ಲಿ ಡಾಲ್ಟನ್‌ಗೆ ಅವಳೇ ನಾಯಕಿ ಆದಳು. ಹುಡುಗರ ಪರೀಕ್ಷೆಯಲ್ಲಿ ಹುಡುಗಿ ಪಾಸು.

ರೆಡಿಂಗ್_ರಮೇಶ

ಸೂಪರ್. ಹಾಗೆ ನೋಡಿದರೆ ಆರಿಸುವ ಕೆಲಸವೂ ಬಹುಕಾಲ ಒಬ್ಬ ಹೆಂಗಸಿನ ಕೈಯಲ್ಲೇ ಇತ್ತು. ಡೆಬಿ ಮೆಕ್‌ವಿಲಿಯಮ್ಸ್ ಅಂತ. 1981ರಿಂದ 2021ರ ತನಕ.

ಗಿರಿನಗರ_ಗಿರಿ

ಮೊದಲ ಚಿತ್ರದಲ್ಲಿ ಸಮುದ್ರದಿಂದ ಎದ್ದು ಬರುವ ಉರ್ಸುಲಾ ಆಂಡ್ರೆಸ್ ಇದ್ದಾಳಲ್ಲ, ಮಾತಿನ ದನಿ ಅವಳದ್ದಲ್ಲ. ನಿಕಿ ವಾನ್ ಡರ್ ಜಿಲ್ ಅನ್ನುವವರದ್ದು. 'ಗೋಲ್ಡ್‌ಫಿಂಗರ್' ಖಳ ಗರ್ಟ್ ಫ್ರೋಬೆಗೂ ಬೇರೆಯವರ ದನಿ. ಜರ್ಮನ್ ನಟ, ಇಂಗ್ಲಿಷ್ ಅಷ್ಟಕ್ಕಷ್ಟೇ. ಲೇಜನ್‌ಬಿಗೂ ಬೇರೆ ನಟನ ದನಿ, ಅವನು ವೇಷ ಮರೆಸಿಕೊಂಡ ಭಾಗದಲ್ಲಿ. ಅಂದ್ರೆ ನಟನೆಯೂ ಬೇಡ, ದನಿಯೂ ಬೇಡ.

ಪೇಡಾ_ಪ್ರಹ್ಲಾದ

ನಮ್ಮ ಸಿನಿಮಾದಾಗೂ ಮುಂಬಯಿ ಹುಡುಗಿ ತಂದು ಬೆಂಗಳೂರಿನ ದನಿ ಅಂಟಿಸ್ತಾರಲ್ಲ, ಅದಕ್ಕ ಮೂಲಪುರುಷರು ಇವರೇ ಇರಬೇಕು.

ಹಾಸನದ_ಹುಡುಗಿ

ದನಿ ಕೊಟ್ಟವರ ಹೆಸರು ಪರದೆ ಮೇಲೆ ಇರಲಿಲ್ಲ. ಇಲ್ಲೂ ಎಷ್ಟೋ ವರ್ಷ ಅದೇ ಕತೆ. ಅದಕ್ಕೆ ಬೇರೆ ಥ್ರೆಡ್ ಶುರು ಮಾಡ್ತೀನಿ, ಇಲ್ಲಿ ಜಗಳ ಬೇಡ.

ಅಣ್ಣಾವ್ರ_ಅಭಿಮಾನಿ

ನಮ್ಮ ಸೆನ್ಸಾರ್ ಮಂಡಳಿ 2015ರಲ್ಲಿ ಕ್ರೇಗ್‌ನ ಮುತ್ತು ಕತ್ತರಿಸಿದ್ದು ನೆನಪಿದೆಯಾ? ಅರ್ಧ ಮುತ್ತು ಇಟ್ಟುಕೊಂಡು ಅರ್ಧ ಕತ್ತರಿಸಿದರು. ಸಂಸ್ಕಾರವಂತ ಬಾಂಡ್ ಅಂತ ದೇಶವೇ ನಕ್ಕಿತು.

ಸುಮ್ನೆ_ಓದುಗ

ಅರ್ಧ ಮುತ್ತು ಅಂದ್ರೆ ಎಷ್ಟು ಸೆಕೆಂಡು?

ಮಾಡರೇಟರ್

ವಿಷಯಕ್ಕೆ ವಾಪಸ್ ಬನ್ನಿ.

ದಾವಣಗೆರೆ_ದತ್ತು

ಸರಿ, ವಿಷಯಕ್ಕೆ ಬರೋಣ. ಈಗ ಹೊಸಬ ಯಾರು? 2021ರಲ್ಲಿ ಕ್ರೇಗ್ ಮುಗಿಸಿದ. ಆಮೇಲೆ ಬರೀ ಗಾಳಿಸುದ್ದಿ.

ರೆಡಿಂಗ್_ರಮೇಶ

ಆರಿಸುವವರೇ ಬದಲಾಗಿದ್ದಾರಲ್ಲ. ಬಾಂಡ್ ಚಿತ್ರಗಳ ಸ್ಟುಡಿಯೋ ಎಂಜಿಎಂ ಅನ್ನು ಅಮೆಜಾನ್ 2022ರಲ್ಲಿ ಕೊಂಡಿತು. 2025ರ ಫೆಬ್ರವರಿಯಲ್ಲಿ ನಿರ್ಮಾಪಕರಾದ ಆಲ್ಬರ್ಟ್ ಬ್ರಾಕಲಿಯ ಮಗಳು ಬಾರ್ಬರಾ ಬ್ರಾಕಲಿ, ಮಲಮಗ ಮೈಕೆಲ್ ವಿಲ್ಸನ್ ಇಬ್ಬರೂ ಚುಕ್ಕಾಣಿ ಬಿಟ್ಟುಕೊಟ್ಟರು. ಜೂನ್‌ನಲ್ಲಿ ನಿರ್ದೇಶಕ ಡೆನಿ ವಿಲ್ನೂವ್ ಅಂತ ಹೇಳಿದರು, ಆಮೇಲೆ ಬರೆಯೋದು ಸ್ಟೀವನ್ ನೈಟ್ ಅಂತ. ಇಲ್ಲಿ ಇಂಗ್ಲೆಂಡಿನ ಪತ್ರಿಕೆಗಳು ವಾರಕ್ಕೊಬ್ಬನನ್ನು ಬಾಂಡ್ ಮಾಡುತ್ತವೆ. ನಟ ಆರನ್ ಟೇಲರ್-ಜಾನ್ಸನ್ ಹೆಸರಂತೂ ಹಳಸಿ ಹೋಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ.

ಗಿರಿನಗರ_ಗಿರಿ

ದೇವ್ ಪಟೇಲ್ ಯಾಕಾಗಬಾರದು? ಲಂಡನ್ನಿನ ಹುಡುಗ. ಸೂಟು ಒಪ್ಪುತ್ತೆ, ಹೊಡೆದಾಟ ಬರುತ್ತೆ.

ಚೌಕಿಮನೆ_ಪುತ್ತೂರು

ನನಗೆ ಒಪ್ಪಿಗೆ. ವೇಷ ಕಟ್ಟಲಿ, ನೋಡುವ.

ಪೇಡಾ_ಪ್ರಹ್ಲಾದ

ಆದ್ರ ಅವ ದೊಡ್ಡ ಹೆಸರು ಆಗ್ಯಾನಲ್ಲ ಈಗ. ತಾನೇ ನಿರ್ದೇಶನ ಮಾಡ್ತಾನ. ಹತ್ತು ವರ್ಷ ಒಂದೇ ಪಾತ್ರಕ್ಕ ಕುತಗಿ ಕೊಡ್ತಾನೇನು?

ಹಾಸನದ_ಹುಡುಗಿ

ನೋಡಿ, ಸುತ್ತಿ ಸುತ್ತಿ ನನ್ನ ಕಾಲ್‌ಶೀಟಿಗೇ ಬಂದಿರಿ. ಎರಡು ಚಿತ್ರದ ನಡುವೆ ಈಗ ಮೂರ್ನಾಲ್ಕು ವರ್ಷ. ಕ್ರೇಗ್ ಐದು ಚಿತ್ರಕ್ಕೆ 15 ವರ್ಷ ತಗೊಂಡ. ಕಾನರಿ ಮೊದಲ ಐದನ್ನು ಐದೇ ವರ್ಷದಲ್ಲಿ ಮುಗಿಸಿದ್ದ, 1962ರಿಂದ 67. ಈಗ 40 ವರ್ಷದವನನ್ನು ತಗೊಂಡರೆ ಐದನೇ ಚಿತ್ರಕ್ಕೆ ಅವನು ಮೂರ್ ಆಗಿರ್ತಾನೆ.

ಮಲ್ಲೇಶ್ವರಂ_ಮೇಷ್ಟ್ರು

ಒಪ್ಪಿದೆ. ಪೂರ್ತಿ ಅಲ್ಲ, ಮುಕ್ಕಾಲು. ಉಳಿದ ಕಾಲು ಆ ಕಿಟಕಿಯಿಂದ ನೋಡಿದ ನಡಿಗೆಗೆ.

ದಾವಣಗೆರೆ_ದತ್ತು

ವರದಿ ಒಪ್ಪಿಸುತ್ತಿದ್ದೇನೆ. ಮಾವನಿಗೆ ಎರಡೂ ಜನ್ಮದಿನ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಅಂದರು, "ಹುಟ್ಟಿದ್ದು ಯಾವಾಗಾದರೂ ಇರಲಿ. ನೋಡೋಕೆ ಯಾರು ಚಿಕ್ಕವನ ಹಾಗೆ ಕಾಣ್ತಿದ್ದ? ಸೀನನ ತಲೆಯಲ್ಲಿ ಕೂದಲೇ ಇರಲಿಲ್ಲ, ಎಲ್ಲಾ ವಿಗ್ಗು." ನಮ್ಮ ಮಾವ ಕಾನರಿಯನ್ನು ಸೀನ ಅಂತಲೇ ಕರೆಯೋದು, ಪಕ್ಕದ ಬೀದಿ ಶ್ರೀನಿವಾಸನ ಹಾಗೆ.

ಮಲ್ಲೇಶ್ವರಂ_ಮೇಷ್ಟ್ರು

ವಿಗ್ಗಿನ ಮಾತು ಮಾತ್ರ ನಿಜ. ಮೊದಲ ಚಿತ್ರದಿಂದಲೇ ಇತ್ತು. ನಿಮ್ಮ ಮಾವ ಸಾಮಾನ್ಯರಲ್ಲ.

ಅಣ್ಣಾವ್ರ_ಅಭಿಮಾನಿ

ದೋಸೆ ಕೊಡಿಸಿದರಾ ಇಲ್ಲವಾ, ಅದನ್ನು ಹೇಳಿ ಮೊದಲು.

ದಾವಣಗೆರೆ_ದತ್ತು

ಕೊಡಿಸಿದರು. ಭಾಮೈದ ಐದು ತಿಂದ. ಬಿಲ್ಲು ಕೊಡುವಾಗ ಮಾವ ಇನ್ನೊಂದು ಬೆಟ್ಟು ಕಟ್ಟಿದ್ದಾರೆ. ಹೊಸ ಬಾಂಡ್ 35ರ ಒಳಗಿನವನು ಅಂತ ನಾನು, ಮೇಲಿನವನು ಅಂತ ಅವರು. ಸೋತವರು ಮಂಡಕ್ಕಿ-ಮೆಣಸಿನಕಾಯಿ ಕೊಡಿಸಬೇಕು.

ಪೇಡಾ_ಪ್ರಹ್ಲಾದ

ದೋಸಿ ಯಾವ ಹೋಟೆಲ್‌ನಾಗ ತಿಂದ್ರಿ?

ದಾವಣಗೆರೆ_ದತ್ತು

ಹೇಳಲ್ಲ ಸ್ವಾಮಿ. ಅದನ್ನು ಬರೆದರೆ ದಾವಣಗೆರೆಯವರೆಲ್ಲಾ ಇಲ್ಲಿಗೇ ಬಂದು ಜಗಳ ಶುರು ಮಾಡುತ್ತಾರೆ.